ಮನೆಯವರ ಹಳೇ ಟ್ರಿಪ್ಪುಗಳನ್ನೆಲ್ಲಾ ಒಂದು ನೋಟ್‌ಬುಕ್ಕಿಗೆ ಇಳಿಸೋದು ಹೇಗೆ

ಬೀರು ಮೇಲಿರೋ ಟ್ರಂಕಿನಲ್ಲಿ ಹಳೇ ಆಲ್ಬಂ, ಎಲ್ಲರ ಫೋನಲ್ಲೂ ಸಾವಿರಗಟ್ಲೆ ಫೋಟೋ, ಇದು ಈಗ ಎಲ್ಲಾ ಮನೆ ಕಥೆ. ಬೇಲೂರಿಗೆ ಹೋಗಿದ್ದು, ಜೋಗಕ್ಕೆ ಹೋಗಿದ್ದು, ಬೇಸಿಗೆ ರಜಕ್ಕೆ ದೊಡ್ಡಮ್ಮನ ಊರಿಗೆ ಹೋಗಿ ಅಲ್ಲಿಂದ ಎಲ್ಲಾ ಸೇರ್ಕೊಂಡು ಧರ್ಮಸ್ಥಳ ಸುಬ್ರಹ್ಮಣ್ಯ ಮುಗಿಸ್ಕೊಂಡು ಬಂದಿದ್ದು ಎಲ್ಲಾ ನೆನಪಿರತ್ತೆ, ಆದ್ರೆ ಯಾವ ವರ್ಷ, ಯಾರ್ಯಾರಿದ್ರು, ರಾತ್ರಿ ಎಲ್ಲಿ ಉಳ್ಕೊಂಡ್ವಿ ಅಂತ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇದನ್ನೆಲ್ಲಾ ಒಂದು ಕಡೆ ಸೇರಿಸಿ, ವರ್ಷ ಹಾಕಿ, ಹೆಸರು ಹಾಕಿ ಬರೆದಿಡೋದು ಹೇಗೆ ಅನ್ನೋದನ್ನ ಹೇಳ್ತೀನಿ. ನಮ್ದು ಹಾಸನದ ಕಡೆ, ಹಂಗಾಗಿ ಉದಾಹರಣೆಗಳು ಜಾಸ್ತಿ ಆ ಕಡೆಯವೇ ಬರ್ತವೆ, ನೀವು ನಿಮ್ಮೂರಿನ ಸುತ್ತಮುತ್ತಲಿನದನ್ನ ಹಾಕ್ಕೊಳ್ಳಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಸ್ಕ್ಯಾನರ್ ತರೋದು, ಫೋಟೋ ಜೋಡಿಸೋದು ಇವೆಲ್ಲಾ ಆಮೇಲೆ. ಮೊದಲು ಕೂತು ಮಾತಾಡಿ, ಅದೂ ಮನೇಲಿ ದೊಡ್ಡವರು ಯಾರಿದ್ದಾರೋ ಅವರ ಜೊತೆ. ಆಲ್ಬಂ ಇನ್ನೂ ಹತ್ತು ವರ್ಷ ಟ್ರಂಕಿನಲ್ಲೇ ಇರತ್ತೆ, ಆದ್ರೆ ಆ ಫೋಟೋದಲ್ಲಿ ಕೊನೇಲಿ ನಿಂತಿರೋ ಮೀಸೆಯವರು ಯಾರು ಅಂತ ಹೇಳೋಕೆ ಅಜ್ಜಿ ಬೇಕು, ಅಜ್ಜಿಗೂ ನೆನಪು ಚೆನ್ನಾಗಿರ್ಬೇಕು.

ಮಾತಾಡ್ಸೋದು ಅಂದ್ರೆ ಅದಕ್ಕೂ ಒಂದು ರೀತಿ ಇದೆ. "ಜೋಗಕ್ಕೆ ಯಾವ ವರ್ಷ ಹೋಗಿದ್ವಿ?" ಅಂತ ನೇರವಾಗಿ ಕೇಳಿದ್ರೆ "ಯಾವಾಗ್ಲೋ ಹೋಗಿದ್ವಪ್ಪಾ" ಅಂತ ಅಲ್ಲಿಗೇ ಮುಗ್ಸ್ತಾರೆ. ವರ್ಷ ಯಾರಿಗೂ ನೆನಪಿರಲ್ಲ, ಅದರ ಅಕ್ಕಪಕ್ಕ ನಡೆದಿದ್ದು ನೆನಪಿರತ್ತೆ. ಆಗ ನಾವು ಯಾವ ಮನೇಲಿ ಬಾಡಿಗೆಗಿದ್ವಿ, ಚಿಕ್ಕಪ್ಪಂಗೆ ಮದುವೆ ಆಗಿತ್ತಾ, ತಮ್ಮ ಹುಟ್ಟಿದ್ನಾ, ಹುಟ್ಟಿದ್ರೆ ನಡೀತಿದ್ನಾ ಇಲ್ಲಾ ಎತ್ಕೊಂಡಿದ್ರಾ, ಊಟಕ್ಕೆ ಏನು ಕಟ್ಕೊಂಡು ಹೋಗಿದ್ರಿ, ಬಸ್ಸಲ್ಲಿ ಯಾರಿಗೆ ವಾಂತಿ ಆಯ್ತು, ಹೀಗೆ ಕೇಳ್ಬೇಕು. ಊಟದ ಪ್ರಶ್ನೆ ಯಾವತ್ತೂ ಬಿಡ್ಬೇಡಿ. ಅಮ್ಮಂದಿರಿಗೆ ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಎದ್ದು ಪುಳಿಯೋಗರೆ ಕಲಸಿದ್ರು, ಚಪಾತಿ ಎಷ್ಟು ಲಟ್ಟಿಸಿದ್ರು, ಮೊಸರನ್ನ ಹುಳಿ ಬರ್ದೇ ಇರ್ಲಿ ಅಂತ ಹಾಲು ಹಾಕಿ ಕಲಸಿ ಮೇಲೆ ಒಂಚೂರು ಹೆಪ್ಪು ಬಿಟ್ಟಿದ್ದು ಎಲ್ಲಾ ಚಾಚೂ ತಪ್ಪದೆ ನೆನಪಿರತ್ತೆ, ಅಲ್ಲಿಂದ ಶುರುವಾದ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಬರತ್ತೆ.

ಫೋನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಪಕ್ಕದಲ್ಲಿಟ್ಬಿಡಿ, ಹೇಳೇ ಇಡಿ, ಕದ್ದು ರೆಕಾರ್ಡ್ ಮಾಡ್ಬೇಡಿ. ಐದು ನಿಮಿಷ ಆದ್ಮೇಲೆ ಅವರಿಗೂ ಅದು ಅಲ್ಲಿದೆ ಅನ್ನೋದು ಮರ್ತೋಗತ್ತೆ. ಸಾಧ್ಯ ಆದ್ರೆ ಇಬ್ಬರನ್ನ ಒಟ್ಟಿಗೆ ಕೂರಿಸಿ. ನಮ್ಮಮ್ಮ ಮತ್ತೆ ಸೋದರತ್ತೆ ಇಬ್ಬರನ್ನೂ ಕೂರಿಸಿ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಟ್ರೈನಲ್ಲಿ ಹೋಗಿದ್ದನ್ನ ಕೇಳಿದಾಗ ಅತ್ತೆ ಸುರಂಗ ಬಂದಾಗೆಲ್ಲಾ ಮಕ್ಕಳು ಕೂಗ್ತಿದ್ದಿದ್ದು, ಡಬ್ಬಿಯೆಲ್ಲಾ ಕತ್ತಲಾಗ್ತಿದ್ದಿದ್ದು ಹೇಳ್ತಿದ್ರು, ಅಷ್ಟರಲ್ಲಿ ಅಮ್ಮ ಮಧ್ಯೆ ಬಾಯಿ ಹಾಕಿ "ಆ ಕತ್ಲೇಲೇ ಅಲ್ವೇನೇ ನೀನು ಮಗುಗೆ ಅಂತ ಇಟ್ಟಿದ್ದ ಬಾಳೆಹಣ್ಣೆಲ್ಲಾ ಖಾಲಿ ಮಾಡಿದ್ದು" ಅಂದ್ರು, ಆಮೇಲೆ ಆ ಮಗು ಯಾರು ಅಂತ ಚರ್ಚೆ ಆಗಿ, ಅದು ನಮ್ಮಣ್ಣ ಅಂತ ಗೊತ್ತಾಗಿ, ಅವನಿಗೆ ಆಗ ಹಲ್ಲು ಬಂದಿತ್ತು ಆದ್ರೆ ಮಾತು ಬರ್ತಿರ್ಲಿಲ್ಲ ಅಂತ ಸೇರಿ, ವರ್ಷ ಹತ್ರ ಹತ್ರ ಸಿಕ್ಕೇ ಬಿಡ್ತು. ಆ ಘಾಟಿ ದಾರೀಲಿ 57 ಸುರಂಗ ಇದೆ. ಹಾಸನ-ಮಂಗಳೂರು ಮೀಟರ್ ಗೇಜ್ ಲೈನನ್ನ 1996ರಲ್ಲಿ ಬ್ರಾಡ್ ಗೇಜ್ ಮಾಡೋಕೆ ಅಂತ ನಿಲ್ಸಿದ್ರು, ಮತ್ತೆ ಪ್ಯಾಸೆಂಜರ್ ಟ್ರೈನ್ ಶುರುವಾಗಿದ್ದು 2007ರ ಡಿಸೆಂಬರಲ್ಲಿ. ಅಂದ್ರೆ ಈ ಕಡೆಯವರು ಯಾರಾದ್ರೂ ಚಿಕ್ಕ ಟ್ರೈನಲ್ಲಿ, ಅಂದ್ರೆ ಮೀಟರ್ ಗೇಜಿನದ್ರಲ್ಲಿ, ಘಾಟಿ ಇಳಿದಿದ್ವಿ ಅಂತ ಹೇಳಿದ್ರೆ ಅದು 1996 ಇಲ್ಲಾ ಅದಕ್ಕಿಂತ ಹಿಂದಿನದೇ, ಇನ್ನು ಅನುಮಾನವೇ ಬೇಡ.

ಇಂಥ ಗಟ್ಟಿ ತಾರೀಕುಗಳೇ ಈ ಕೆಲಸಕ್ಕೆ ಗೂಟ, ಒಂದು ನೆಟ್ಟರೆ ಅದರ ಸುತ್ತ ಬೇರೆಲ್ಲಾ ಕಟ್ಟಬಹುದು. ಮನೇಲೇ ಸಿಗೋ ಕಾಗದಗಳಲ್ಲೂ ಬೇಕಾದಷ್ಟು ಇರತ್ತೆ. ಮಾರ್ಕ್ಸ್ ಕಾರ್ಡು, ಮದುವೆ ಕರೆಯೋಲೆ, ಮನೆ ಲೆಕ್ಕದ ಪುಸ್ತಕ, ಅಪ್ಪನ ಪಾಕೆಟ್ ಡೈರಿ, ಗೋಡೆ ಕ್ಯಾಲೆಂಡರಿನ ಹಾಳೇಲಿ ಪೆನ್ನಲ್ಲಿ ಗುರುತು ಮಾಡಿರೋದು. ಮನೇಲಿ ಸರ್ಕಾರಿ ಕೆಲಸದವರು ಇದ್ದಿದ್ರೆ ಎಲ್‌ಟಿಸಿ (ರಜದ ಪ್ರವಾಸಕ್ಕೆ ಸರ್ಕಾರ ಕೊಡೋ ಖರ್ಚು) ಬಿಲ್ಲಿನ ಕಾಪಿ ಹುಡುಕಿ, ಅದಕ್ಕಿಂತ ಒಳ್ಳೇ ದಾಖಲೆ ಇನ್ನೊಂದಿಲ್ಲ, ಯಾರ್ಯಾರು ಹೋಗಿದ್ರು, ಅವರ ವಯಸ್ಸೆಷ್ಟು, ಎಲ್ಲಿಂದ ಎಲ್ಲಿಗೆ, ಟಿಕೆಟ್ಟಿಗೆ ಎಷ್ಟಾಯ್ತು ಎಲ್ಲಾ ಸಾಲಾಗಿ ಬರೆದು ಸೈನ್ ಹಾಕಿರ್ತಾರೆ. ಆ ಕಾಲದ ದಪ್ಪ ರಟ್ಟಿನ ಟ್ರೈನ್ ಟಿಕೆಟ್ ಏನಾದ್ರೂ ಪುಸ್ತಕದ ಮಧ್ಯೆ ಉಳ್ಕೊಂಡಿದ್ರೆ ಅದನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ತಾರೀಕನ್ನ ಶಾಯಿ ಮಾಸಿದ್ರೂ ಒತ್ತಿದ ಗುರುತು ಉಳಿದಿರತ್ತೆ.

ಈಗ ಫೋಟೋಗೆ ಬರೋಣ. ತಾರೀಕಿಲ್ಲದ ಫೋಟೋದಲ್ಲಿ ಮನೆಯವರ ಮುಖ ಒಂದೇ ನೋಡ್ತಾ ಕೂರ್ಬೇಡಿ, ಹಿಂದೆ ಏನಿದೆ ನೋಡಿ. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆದ್ರೂ ಬರೀತೀನಿ.

ಶ್ರವಣಬೆಳಗೊಳದ ಫೋಟೋ ಇದ್ದು ಅದರಲ್ಲಿ ಗೊಮ್ಮಟನ ಹಿಂದೆ ಎತ್ತರಕ್ಕೆ ಅಟ್ಟಣಿಗೆ ಕಟ್ಟಿದ್ರೆ ಅದು ಮಹಾಮಸ್ತಕಾಭಿಷೇಕದ ಆಸುಪಾಸಿನದು. 58 ಅಡಿ ಮೂರ್ತಿಯ ತಲೆವರೆಗೂ ಕೊಡ ಹೊತ್ಕೊಂಡು ಹತ್ಬೇಕಲ್ಲ, ಅದಕ್ಕೇ ಕಟ್ಟೋದು. ಈಚಿನವು ಅಂದ್ರೆ 1967, 1981, 1993, 2006, 2018. ಇದರಲ್ಲಿ 1993ರದ್ದು ಡಿಸೆಂಬರಲ್ಲಿ ಆಯ್ತು, 1981, 2006, 2018ರದ್ದು ಫೆಬ್ರವರಿಯಲ್ಲಿ. ಫೋಟೋ ಕಪ್ಪುಬಿಳುಪಾ ಕಲರಾ, ಪಕ್ಕದಲ್ಲಿ ನಿಂತಿರೋ ಅಕ್ಕ ಎಷ್ಟುದ್ದ ಇದ್ದಾಳೆ ಅಂತ ನೋಡಿದ್ರೆ ಐದರಲ್ಲಿ ಯಾವುದು ಅಂತ ತಕ್ಷಣ ಗೊತ್ತಾಗತ್ತೆ.

ಮೈಸೂರು ದಸರಾಕ್ಕೆ ಹೋಗಿದ್ರೆ ಆ ಸಲ ಅಂಬಾರಿ ಹೊತ್ತ ಆನೆ ಯಾವುದು ಅಂತ ಕೇಳಿ. ಮನೇಲಿ ಮಕ್ಕಳಾಗಿದ್ದವರಿಗೆ ಬೇರೇನು ಮರೆತ್ರೂ ಆನೆ ಹೆಸರು ಮರೆಯಲ್ಲ. ದ್ರೋಣ ಅಂದ್ರೆ 90ರ ದಶಕ ಮುಗಿಯೋಕೆ ಮುಂಚೆ, ಬಲರಾಮ ಅಂದ್ರೆ 1999ರಿಂದ 2011, ಅರ್ಜುನ 2012ರಿಂದ 2019, ಅಭಿಮನ್ಯು 2020ರಿಂದ. ಬಲರಾಮನೂ ಅರ್ಜುನನೂ ಇಬ್ಬರೂ 2023ರಲ್ಲಿ ತೀರ್ಕೊಂಡ್ರು, ಅರ್ಜುನನ ಸುದ್ದಿ ಬಂದಾಗ ಎಷ್ಟೋ ಮನೆಗಳಲ್ಲಿ ದಸರಾ ಫೋಟೋ ಹೊರಗೆ ತೆಗೆದು ನೋಡಿರ್ತಾರೆ ಅಂತ ನಾನಂದ್ಕೊಂಡಿದ್ದೀನಿ.

ಬೆಂಗಳೂರಿನ ಫೋಟೋದಲ್ಲಿ ವಿಧಾನಸೌಧದ ಪಕ್ಕ ವಿಕಾಸಸೌಧ ಕಾಣ್ಸಿದ್ರೆ 2005 ಅಥವಾ ಆಮೇಲೆ, ಎಂ.ಜಿ. ರೋಡಲ್ಲಿ ಮೆಟ್ರೋ ಓಡ್ತಿದ್ರೆ 2011ರ ಅಕ್ಟೋಬರ್ ಆದ್ಮೇಲೆ. ಹಂಪಿಯಲ್ಲಿ ವಿರೂಪಾಕ್ಷನ ಗುಡಿ ಮುಂದಿನ ಬೀದಿ ಮಂಟಪಗಳಲ್ಲಿ ಅಂಗಡಿ ಹೋಟ್ಲು ತುಂಬ್ಕೊಂಡಿದ್ರೆ 2011ಕ್ಕೆ ಮುಂಚಿನದು, ಆ ವರ್ಷ ಅವನ್ನೆಲ್ಲಾ ತೆರವು ಮಾಡಿದ್ರು. ಮುರುಡೇಶ್ವರದ ಎತ್ತರದ ರಾಜಗೋಪುರ ಉದ್ಘಾಟನೆ ಆಗಿದ್ದು 2008ರಲ್ಲಿ, ಗೋಪುರವೇ ಇಲ್ದೇ ಬರೀ ಸಮುದ್ರ ಗುಡ್ಡ ಇದ್ರೆ ಇನ್ನೂ ಹಳೇದು. ಹಿಂದೆ ನಿಂತಿರೋ ಕಾರೋ ಸ್ಕೂಟರೋ ಇದ್ರೆ ನಂಬರ್ ಪ್ಲೇಟ್ ದೊಡ್ಡದು ಮಾಡಿ ನೋಡಿ, ಕೆಎ ಅಂತ ಶುರುವಾದ್ರೆ 1989ರ ಮಧ್ಯಭಾಗದ ನಂತರ, ಅದಕ್ಕೂ ಹಿಂದೆ ನಮ್ಮ ರಾಜ್ಯದ ಗಾಡಿಗಳ ನಂಬರಲ್ಲಿ ಕೆಎ ಇರ್ಲೇ ಇಲ್ಲ. ಹುಬ್ಬಳ್ಳಿ ಧಾರವಾಡದ ಕಡೆ ಬಸ್ಸಿನ ಮೇಲೆ ವಾಯವ್ಯ ಕರ್ನಾಟಕ ಸಾರಿಗೆ ಅಂತಿದ್ರೆ 1997ಕ್ಕಿಂತ ಹಿಂದೆ ಹೋಗೋ ಹಾಗೇ ಇಲ್ಲ.

ವರ್ಷ ಗೊತ್ತಾಗದಿದ್ರೂ ತಿಂಗಳು ಹೇಳೋ ಜಾಗಗಳೂ ಇವೆ, ಅದರಲ್ಲೂ ನೀರಿರೋ ಜಾಗಗಳು. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರ್ಕೊಂಡು ಬೆಳ್ಳಗೆ ಗೋಡೆ ಥರ ಧುಮುಕ್ತಿದ್ರೆ ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್, ಬಂಡೆ ಕಾಣ್ತಾ ಎರಡು ಎಳೆ ನೀರಷ್ಟೇ ಇದ್ರೆ ಬೇಸಿಗೆ ರಜ. ಮೇಲೆ ಲಿಂಗನಮಕ್ಕಿ ಡ್ಯಾಂ 1964ರಲ್ಲೇ ಆಗಿದ್ರಿಂದ ನಮ್ಮನಿಮ್ಮ ಆಲ್ಬಮ್ಮಿನಲ್ಲಿರೋ ಜೋಗ ಹೆಚ್ಚುಕಡಿಮೆ ಎಲ್ಲಾ ಡ್ಯಾಂ ಕಟ್ಟಿದ ಮೇಲಿನದೇ. ನಮ್ಮ ಕಡೆ ಶೆಟ್ಟಿಹಳ್ಳಿ ಚರ್ಚ್ ಇನ್ನೂ ಚೆನ್ನಾಗಿ ಹೇಳತ್ತೆ, ಗೊರೂರು ಡ್ಯಾಮಿನ ಹೇಮಾವತಿ ಹಿನ್ನೀರು ಮಳೆಗಾಲದಲ್ಲಿ ಕಮಾನಿನ ಅರ್ಧದವರೆಗೂ ಬಂದಿರತ್ತೆ, ಬೇಸಿಗೇಲಿ ಒಳಗೇ ನಡ್ಕೊಂಡು ಹೋಗ್ಬಹುದು, ಹಂಗಾಗಿ ನೀವು ದಡದಲ್ಲಿ ನಿಂತಿದ್ದೀರೋ ಒಳಗೆ ನಿಂತಿದ್ದೀರೋ ಅನ್ನೋದ್ರ ಮೇಲೇ ತಿಂಗಳು ಸಿಗತ್ತೆ.

ಫೋಟೋ ತಿರುಗಿಸಿ ಹಿಂದೆ ನೋಡೋದು ಮರೀಬೇಡಿ. ಸ್ಟುಡಿಯೋ ಸೀಲು, ಯಾರೋ ಬಾಲ್‌ಪೆನ್ನಲ್ಲಿ ಗೀಚಿದ್ದು ಏನಾದ್ರೂ ಇರತ್ತೆ. ಬೃಂದಾವನ ಗಾರ್ಡನ್ ಥರದ ಜಾಗದಲ್ಲಿ ಫೋಟೋಗ್ರಾಫರುಗಳು ತೆಗೆದು, ಅಡ್ರೆಸ್ ಬರ್ಕೊಂಡು ಪೋಸ್ಟಲ್ಲಿ ಕಳಿಸ್ತಿದ್ರು, ಆ ಕವರೇನಾದ್ರೂ ಉಳಿದಿದ್ರೆ ಅಂಚೆ ಮುದ್ರೇಲಿ ತಾರೀಕೇ ಸಿಗತ್ತೆ. ನೆಗೆಟಿವ್ ಇದ್ರಂತೂ ಬಹಳ ಒಳ್ಳೇದು. ಅದರ ಅಂಚಿನಲ್ಲಿ ಫಿಲ್ಮ್ ಕಂಪನಿ ಹೆಸರು, 1ರಿಂದ 36ರವರೆಗೆ ಫ್ರೇಂ ನಂಬರ್ ಇರತ್ತೆ, ಆ ನಂಬರ್ ಹಿಡ್ಕೊಂಡ್ರೆ ಮೊದಲು ಹಳೇಬೀಡಾ ಬೇಲೂರಾ, ದಾರೀಲಿ ಯಾವ ಮರದ ಕೆಳಗೆ ಊಟ ಆಯ್ತು ಅಂತ ಇಡೀ ದಿನದ ಕ್ರಮ ಗೊತ್ತಾಗತ್ತೆ. ಒಂದೇ ರೋಲಲ್ಲಿ ಹುಟ್ಟುಹಬ್ಬದ ಎರಡು ಫೋಟೋ, ಆಮೇಲೆ ಟ್ರಿಪ್ಪು, ಕೊನೇಲಿ ಗೌರಿ ಹಬ್ಬ ಇದ್ರೆ ಟ್ರಿಪ್ಪು ಆ ಎರಡರ ಮಧ್ಯದ್ದು ಅಂತಾಯ್ತು. ಫೋಟೋ ಮೂಲೇಲಿ ಕೇಸರಿ ಬಣ್ಣದಲ್ಲಿ ಬಿದ್ದಿರೋ ತಾರೀಕನ್ನ ಮಾತ್ರ ಕಣ್ಣುಮುಚ್ಚಿ ನಂಬ್ಬೇಡಿ, ಬ್ಯಾಟರಿ ಬದಲಾಯಿಸಿದ ಮೇಲೆ ಕ್ಯಾಮೆರಾದಲ್ಲಿ ತಾರೀಕು ಸರಿ ಮಾಡ್ತಿದ್ದವರು ಕಮ್ಮಿ.

ಇಷ್ಟು ಮಾಡಿದ್ರೂ ಕೆಲವು ಫೋಟೋಗೆ ವರ್ಷ ಸಿಗಲ್ಲ. ಆಗ "1989-1993 ಮಧ್ಯ, ಚಳಿಗಾಲ, ಎಲ್ಲರೂ ಸ್ವೆಟರ್ ಹಾಕಿದ್ದಾರೆ" ಅಂತ ಬರೀರಿ, ಸಾಕು. ಸುಮ್ನೆ ಒಂದು ವರ್ಷ ಊಹೆ ಮಾಡಿ ಬರೆದ್ರೆ ಮುಂದಿನವರು ಅದನ್ನೇ ಸತ್ಯ ಅಂದ್ಕೊಳ್ತಾರೆ.

ಫೋಟೋ ಕಾಪಾಡೋದ್ರ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಅಂಟಿನ ಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಇರೋ ಆಲ್ಬಂಗಳಿದಾವಲ್ಲ, ಅವು ಫೋಟೋಗೆ ಒಳ್ಳೇದಲ್ಲ, ಅಂಟು ಹಳದಿಯಾಗಿ ಫೋಟೋ ಹಿಡ್ಕೊಂಡುಬಿಡತ್ತೆ. ಉಗುರಲ್ಲಿ ಎಬ್ಬಿಸೋಕೆ ಹೋದ್ರೆ ಫೋಟೋ ಬಗ್ಗಿ ಬಿರುಕು ಬಿಡತ್ತೆ, ಅದಕ್ಕೆ ಹಲ್ಲಿನ ಸಂದಿ ಕ್ಲೀನ್ ಮಾಡೋ ಫ್ಲಾಸ್ ದಾರ ತಗೊಂಡು ಫೋಟೋ ಕೆಳಗೆ ಒಂದು ಮೂಲೆಯಿಂದ ಗರಗಸದ ಥರ ಮೆಲ್ಲಗೆ ಆಡಿಸ್ಕೊಂಡು ಬನ್ನಿ. ಆಗ್ಲೂ ಬರ್ಲಿಲ್ಲ ಅಂದ್ರೆ ಬಿಟ್ಬಿಡಿ, ಪುಟ ಸಮೇತ ಸ್ಕ್ಯಾನ್ ಮಾಡಿ. ಫ್ರೇಮಿನ ಗಾಜಿಗೆ ಅಂಟಿರೋದನ್ನಂತೂ ಕೀಳ್ಲೇಬೇಡಿ, ಗಾಜಿನ ಮೇಲಿಂದಲೇ ತೆಗೀರಿ. ಸ್ಕ್ಯಾನ್ ಮಾಡಿಸೋದಾದ್ರೆ ಪ್ರಿಂಟಿಗೆ 600 ಡಿಪಿಐ ಅಂತ ಹೇಳಿ, ನೆಗೆಟಿವ್ವಿಗೆ 2400 ಅಥವಾ ಜಾಸ್ತಿ. ಸ್ಕ್ಯಾನರ್ ಇಲ್ಲ ಅಂದ್ರೆ ಕಿಟಕಿ ಪಕ್ಕ ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟು, ಫ್ಲ್ಯಾಷ್ ಆಫ್ ಮಾಡಿ, ಮೊಬೈಲನ್ನ ನೆಟ್ಟಗೆ ಮೇಲಿಂದ ಹಿಡಿದು ತೆಗೀರಿ. ಬಸ್ಸಲ್ಲಿ ಮಷೀನಿಂದ ಕೊಡೋ ತೆಳು ಟಿಕೆಟ್ಟು, ಹೋಟ್ಲು ಬಿಲ್ಲು ಇವೆಲ್ಲಾ ಶಾಖಕ್ಕೆ ಅಚ್ಚಾಗೋ ಪೇಪರ್, ತಾನಾಗೇ ಅಳಿಸಿ ಹೋಗತ್ತೆ, ಲ್ಯಾಮಿನೇಷನ್ ಮಾಡಿಸಿದ್ರೆ ಪೂರ್ತಿ ಕಪ್ಪಾಗತ್ತೆ, ಅದಕ್ಕೆ ತಂದ ದಿನವೇ ಫೋಟೋ ತೆಗೆದಿಟ್ಕೊಳ್ಳಿ. ವಿಡಿಯೋ ಕ್ಯಾಸೆಟ್ ಇದ್ರೆ ಎಲ್ಲಕ್ಕಿಂತ ಮೊದಲು ಅದನ್ನ ಡಿಜಿಟಲ್ ಮಾಡಿಸಿ, ಟೇಪಿಗೆ ಬೂಷ್ಟು ಹಿಡಿಯತ್ತೆ, ಅದನ್ನ ಓಡಿಸೋ ಪ್ಲೇಯರ್ ಇರೋ ಅಂಗಡಿಗಳೂ ಕಮ್ಮಿ ಆಗ್ತಿವೆ.

ಫೋನ್ ಕಾಲದ ಟ್ರಿಪ್ಪುಗಳ ಸಮಸ್ಯೆ ಉಲ್ಟಾ, ತಾರೀಕಿದೆ, ಜಾಗವೂ ಇದೆ, ಆದ್ರೆ ಫೋಟೋ ವಿಪರೀತ. ಒಂದು ಟ್ರಿಪ್ಪಿಗೆ ಹತ್ತು ಹದಿನೈದು ಆರಿಸ್ಕೊಳ್ಳಿ, ಅದರಲ್ಲಿ ಸಾಲಾಗಿ ನಿಂತು ನಗ್ತಿರೋದು ಒಂದೆರಡು ಸಾಕು. ಗಾಡಿ ಪಂಕ್ಚರ್ ಆಗಿ ರೋಡ್ ಪಕ್ಕ ಕೂತಿರೋದು, ಮಾವ ಕಡಲೆಕಾಯಿ ಸುಲೀತಿರೋದು, ರೂಮಲ್ಲಿ ಒದ್ದೆ ಬಟ್ಟೆಗಳನ್ನ ಫ್ಯಾನಿಗೆ ಕಟ್ಟಿ ಒಣಗಿಸಿರೋದು, ಇಂಥವನ್ನ ಇಟ್ಕೊಳ್ಳಿ. ಅಣ್ಣತಮ್ಮಂದಿರ ಹತ್ರ ಫೋಟೋ ಕೇಳುವಾಗ ವಾಟ್ಸಪ್ಪಲ್ಲಿ ಮಾಮೂಲಿ ಫೋಟೋ ಥರ ಕಳಿಸ್ಬೇಡಿ ಅಂತ ಹೇಳಿ, ಕ್ವಾಲಿಟಿ ಇಳಿಯತ್ತೆ, ತೆಗೆದ ತಾರೀಕು ಜಾಗದ ಮಾಹಿತಿಯೂ ಅಳಿಸಿ ಹೋಗತ್ತೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಇದ್ದ ಹಾಗೇ ಬರತ್ತೆ. ಫೈಲಿನ ಹೆಸರನ್ನ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ಊರು ಹೀಗಿಡಿ: 1993-12-ಶ್ರವಣಬೆಳಗೊಳ-01. ಆಗ ಕಂಪ್ಯೂಟರ್ರೇ ಕಾಲದ ಪ್ರಕಾರ ಜೋಡಿಸ್ಕೊಂಡು ಹೋಗತ್ತೆ.

ಈಗ ಬರವಣಿಗೆ. ನಿಜವಾದ ಕೆಲಸ ಇದೇ, ಜನ ಬಿಟ್ಟುಬಿಡೋದೂ ಇದನ್ನೇ. ಒಂದು ಟ್ರಿಪ್ಪಿಗೆ ಒಂದು ಪುಟ ಸಾಕು, ಕೈಯಲ್ಲೇ ಬರೀರಿ. ಜಾಗದ ಇತಿಹಾಸ ಬರ್ಕೊಂಡು ಕೂರ್ಬೇಡಿ, ಹೊಯ್ಸಳೇಶ್ವರ ಯಾರು ಕಟ್ಸಿದ್ರು ಅನ್ನೋದು ಎಲ್ಲಿ ಬೇಕಾದ್ರೂ ಸಿಗತ್ತೆ, ಆದ್ರೆ ಆ ದಿನ ನಿಮ್ಮಪ್ಪ ಅದೇ ಗುಡಿ ಜಗತಿ ಮೇಲೆ ಟವೆಲ್ ಹಾಸಿ ಮಲಗಿಬಿಟ್ಟಿದ್ದು ಪ್ರಪಂಚದಲ್ಲಿ ಇನ್ನೆಲ್ಲೂ ಸಿಗಲ್ಲ. ಮೇಲೆ ತಾರೀಕು, ಹೋದವರ ಹೆಸರು ಸಂಬಂಧದ ಸಮೇತ. "ಪಕ್ಕದ್ಮನೆ ಆಂಟಿ" ಅಂತ ಬಿಟ್ರೆ ನಿಮ್ಮ ಮಕ್ಕಳಿಗೆ ಗೊತ್ತಾಗಲ್ಲ, ಯಾವ ಊರಿನ ಯಾವ ಮನೆ ಪಕ್ಕದವರು ಅಂತ ಬರೀರಿ. ಯಾವುದರಲ್ಲಿ ಹೋದ್ರಿ, ಎಷ್ಟು ಹೊತ್ತಿಗೆ ಹೊರಟ್ರಿ, ದಾರೀಲಿ ಎಲ್ಲಿ ನಿಲ್ಸಿದ್ರಿ ಅಂತ ಹಾಕಿ. ದಾರಿಗಳು ಬದಲಾಗ್ತವೆ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆ ಆದ್ಮೇಲೆ ಮದ್ದೂರಿನಲ್ಲಿ ಇಳಿದು ವಡೆ ತಿನ್ನೋದು, ಚನ್ನಪಟ್ಟಣದಲ್ಲಿ ಮರದ ಗೊಂಬೆಗೆ ಮಕ್ಕಳು ಹಠ ಮಾಡೋದು ಇದೆಲ್ಲಾ ಬೇಕು ಅಂತಲೇ ಹಳೇ ರೋಡಿಗೆ ಇಳಿದ್ರೆ ಮಾತ್ರ.

ಒಂದು ಮಾದರಿ ಕೊಡ್ತೀನಿ, ನಮ್ಮ ನೋಟ್‌ಬುಕ್ಕಿನದೇ:

"ಶ್ರವಣಬೆಳಗೊಳ, ಡಿಸೆಂಬರ್ 1993. ಅಭಿಷೇಕ ಆಗಿ ಕೆಲವು ದಿನದ ಮೇಲೆ, ಜನ ಸ್ವಲ್ಪ ಕಮ್ಮಿ ಆಗ್ಲಿ ಅಂತ ಕಾದು ಹೋಗಿದ್ದು. ಹಾಸನದಿಂದ ಬಸ್ಸು, ಚನ್ನರಾಯಪಟ್ಟಣದಲ್ಲಿ ಇನ್ನೊಂದು ಬಸ್ಸು. ಅಪ್ಪ, ಅಮ್ಮ, ಅಣ್ಣ, ನಾನು, ಸೋದರತ್ತೆ. ಮೇಲೆ ಹತ್ತುವಾಗ ಬಂಡೆ ತಣ್ಣಗಿತ್ತು, ಇಳಿಯೋ ಹೊತ್ತಿಗೆ ಅಂಗಾಲು ಸುಡ್ತಿತ್ತು, ಅತ್ತೆ ಸೆರಗನ್ನ ನೆನೆಸಿ ಮೆಟ್ಟಿಲ ಮೇಲೆ ಹಿಂಡಿ ಹಿಂಡಿ ನಮ್ಮನ್ನ ಇಳಿಸಿದ್ರು. ಕೆಳಗೆ ಕಲ್ಯಾಣಿ ಹತ್ರ ಚಿತ್ರಾನ್ನ. ಅಜ್ಜಿ ಬರ್ಲಿಲ್ಲ, ಹಸು ಕರು ಹಾಕಿತ್ತು. ಅಜ್ಜಿಗೆ ಅಂತ ಅಪ್ಪ ಪುಟ್ಟ ಹಿತ್ತಾಳೆ ಗೊಮ್ಮಟ ತಂದ್ರು."

ಇದರಲ್ಲಿ ಅಜ್ಜಿ ಬಗ್ಗೆ ಇರೋ ಸಾಲು ನೋಡಿ. ಪ್ರತಿ ಪುಟದಲ್ಲೂ "ಮನೇಲಿ ಉಳ್ಕೊಂಡವರು" ಅಂತ ಒಂದು ಸಾಲು ಇರ್ಲೇಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ. ಆಲ್ಬಂ ನೋಡಿದ್ರೆ ಅಜ್ಜಿ ಯಾವ ಟ್ರಿಪ್ಪಲ್ಲೂ ಇಲ್ಲ, ಇಲ್ಲದೇ ಇರೋದಕ್ಕೆ ಕಾರಣ ಹಾಲು ಕರೆಯೋಕೆ, ದೀಪ ಹಚ್ಚೋಕೆ, ಮಲಗಿದ್ದಲ್ಲೇ ಇದ್ದ ತಾತನ್ನ ನೋಡ್ಕೊಳ್ಳೋಕೆ ಒಬ್ಬರು ಬೇಕಿತ್ತು, ಅವರು ಉಳ್ಕೊಂಡಿದ್ರಿಂದಲೇ ಮಿಕ್ಕವರು ಹೋಗಿದ್ದು. ಹಾಗೇ ಕ್ಯಾಮೆರಾ ಹಿಡಿದಿದ್ದವರು ಯಾರು ಅಂತಲೂ ಬರೀರಿ, ಇಲ್ದಿದ್ರೆ ನಮ್ಮಪ್ಪ ಯಾವ ಊರಿಗೂ ಬಂದೇ ಇಲ್ಲ ಅನ್ನೋ ಹಾಗಾಗತ್ತೆ.

ಫೋಟೋನೇ ಇಲ್ಲದ ಟ್ರಿಪ್ಪುಗಳಿಗೂ ಪುಟ ಕೊಡಿ. ಹೊಳೆದಂಡೆಗೆ ಬುತ್ತಿ ಕಟ್ಕೊಂಡು ಹೋಗಿದ್ದು, ಜಾತ್ರೆಗೆ ಎತ್ತಿನ ಗಾಡೀಲಿ ಹೋಗಿದ್ದು, ಸ್ಕೂಲ್ ಟ್ರಿಪ್ಪಿಗೆ ದುಡ್ಡು ಸಾಲ್ದೇ ಆಗ ಹೋಗಕ್ಕಾಗದೆ ಆಮೇಲೆ ಅಪ್ಪ ಒಬ್ಬಳನ್ನೇ ಕರ್ಕೊಂಡು ಹೋಗಿ ತೋರ್ಸಿದ್ದು. ಜಗಳ ಆಗಿದ್ರೆ ಅದನ್ನೂ ಬರೀರಿ, ಯಾರಿಗೂ ನೋವಾಗದ ಹಾಗೆ. ಕಾಲಿ ಜಾಗ ಬಿಟ್ಟು ಬರೀರಿ, ಬೇರೆಯವರು ಓದಿ "ಇಲ್ಲ, ಅವತ್ತು ಮಳೆ ಬಂದಿತ್ತು" ಅಂತ ಸೇರಿಸೋಕೆ ಬೇಕಾಗತ್ತೆ.

ಮುಗಿದ ಮೇಲೆ ಒಂದೇ ಕಡೆ ಇಟ್ಕೋಬೇಡಿ. ನೋಟ್‌ಬುಕ್ಕನ್ನ ಜೆರಾಕ್ಸ್ ಮಾಡಿಸಿ ಅಣ್ಣಂಗೊಂದು ಅಕ್ಕಂಗೊಂದು ಕೊಡಿ, ಸ್ಕ್ಯಾನ್ ಮಾಡಿದ್ದನ್ನ ಒಂದು ಹಾರ್ಡ್ ಡಿಸ್ಕು, ಒಂದು ಕ್ಲೌಡು, ಬೇರೆ ಊರಲ್ಲಿರೋರ ಮನೇಲಿ ಒಂದು ಪೆನ್‌ಡ್ರೈವು. ಮೂಲ ಫೋಟೋಗಳನ್ನ ಪೇಪರ್ ಕವರಲ್ಲಿ ಹಾಕಿ, ಕವರ್ ಮೇಲೆ ಪೆನ್ಸಿಲಲ್ಲಿ ಊರು ವರ್ಷ ಬರೆದು, ಜೊತೆಗೆ ತೇವ ಹೀರ್ಕೊಳ್ಳೋ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ, ಮಲೆನಾಡಿನ ಕಡೆಯವರು ಮಳೆಗಾಲ ಮುಗಿದ ಕೂಡ್ಲೇ ಅದನ್ನ ಬದಲಾಯಿಸಿ.

ಶುರು ಮಾಡೋಕೆ ಒಳ್ಳೇ ಟೈಮು ದಸರಾ ರಜ, ಇಲ್ಲಾ ಯಾರದಾದ್ರೂ ಮದುವೆಯ ಮಾರನೇ ದಿನ, ನೆಂಟರೆಲ್ಲಾ ಇನ್ನೂ ಮನೇಲೇ ಇರ್ತಾರೆ, ಕೆಲಸ ಇರಲ್ಲ. ಊಟ ಆದ್ಮೇಲೆ ಚಾಪೆ ಹಾಸಿ ಆಲ್ಬಂ ಮಧ್ಯದಲ್ಲಿಡಿ, ರೆಕಾರ್ಡರ್ ಆನ್ ಮಾಡಿ, ಎಲ್ಲರಿಗಿಂತ ವಯಸ್ಸಾದವರ ಕೈಗೆ ಮೊದಲ ಫೋಟೋ ಕೊಟ್ಟು ಆ ದಿನ ಊಟಕ್ಕೆ ಏನಿತ್ತು ಅಂತ ಕೇಳಿ.